ಪೀಕದಾನಿಯ ತೂಕ

"ದಿನಕ್ಕೆ ಎಷ್ಟು ಕಪ್ ಕಾಫಿ ಕುಡೀತೀರಾ?" ಎಂದು ಮಕ್ಕಳ ಡಾಕ್ಟರು ಕೇಳಿದಾಗ ಅವಳ ಕಣ್ಣು ಹೋದದ್ದು ಅವರ ಮೇಜಿನ ಮೇಲಿದ್ದ ಕಾಗದದ ಲೋಟದ ಕಡೆಗೆ. ಬಿಸಿನೀರಿಗೆ ಕಲಸಿದ ಪುಡಿ, ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಅದನ್ನು ಒಮ್ಮೆ ಬಿಸಿ ಮಾಡಿ, ಮರೆತು, ಮತ್ತೆ ಬಿಸಿ ಮಾಡಿದ್ದಾರೆಂದು ವಾಸನೆಯೇ ಹೇಳುತ್ತಿತ್ತು. ಇಂಥದ್ದನ್ನು ಗಂಟಲಿಗಿಳಿಸುವ ಮನುಷ್ಯ ಕಾಫಿಯ ವಿಚಾರದಲ್ಲಿ ತನ್ನನ್ನು ವಿಚಾರಣೆ ಮಾಡುವುದೆಂದರೆ!

"ಒಂದು," ಎಂದಳು.

ಪಕ್ಕದ ಕುರ್ಚಿಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಅತ್ತೆ ಮೂಗಿನಲ್ಲೇ ಒಂದು ಸದ್ದು ಮಾಡಿದರು. "ಒಂದಂತೆ! ಡಾಕ್ಟ್ರೇ, ಇವಳ ಕೆಲಸವೇ ಕಾಫಿ ಕುಡಿಯೋದು. ಸಂಬಳ ಕೊಟ್ಟು ಕುಡಿಸ್ತಾರೆ."

"ಕುಡಿಯಲ್ಲ, ರುಚಿ ನೋಡ್ತೀವಿ," ಎಂದು ಅವಳು ಡಾಕ್ಟರಿಗೇ ಹೇಳಿದಳು, ಅತ್ತೆ ಅಲ್ಲಿ ಇಲ್ಲವೇನೋ ಎನ್ನುವ ಹಾಗೆ. "ಚಮಚದಲ್ಲಿ ಹೀರಿ, ನಾಲಿಗೆ ಮೇಲೆ ಆಡಿಸಿ, ಉಗಿದುಬಿಡ್ತೀವಿ. ಒಂದು ಹನೀನೂ ಒಳಗೆ ಹೋಗಲ್ಲ."

"ದಿನಕ್ಕೆ ಎಷ್ಟು ಸಲ?"

"ಐನೂರು ಇರಬಹುದು."

"ಐನೂರು ಸಲ ಉಗೀತೀರಾ!" ಡಾಕ್ಟರಿಗೆ ನಗು ಬಂತು. ನಗು ಮುಗಿಸಿಕೊಂಡು ಅವರು ತಿಳಿಸಿ ಹೇಳಿದರು. ತಾಯಿ ಕುಡಿದದ್ದರಲ್ಲಿ ಚೂರು ಕೆಫೀನ್ ಹಾಲಿಗೆ ಬಂದೇ ಬರುತ್ತದೆ. ದೊಡ್ಡವರ ಮೈ ಅದನ್ನು ಒಂದು ದಿನದೊಳಗೆ ಕಳೆದುಕೊಳ್ಳುತ್ತದೆ. ಎರಡೂವರೆ ತಿಂಗಳ ಮಗುವಿಗೆ ಆ ಶಕ್ತಿಯಿಲ್ಲ, ಅದರ ಮೈಯಲ್ಲಿ ದಿನಗಟ್ಟಲೆ ಉಳಿದು ಒಂದರ ಮೇಲೊಂದು ಸೇರುತ್ತ ಹೋಗುತ್ತದೆ. "ಆದ್ರೆ ಒಂದೆರಡು ಕಪ್‌ಗೆಲ್ಲ ಏನೂ ಆಗಲ್ಲ. ನೀವು ಒಂದೇ ಅಂತೀರಿ. ಟೀ, ಕೋಲಾ, ಚಾಕೊಲೇಟು?"

"ಯಾವುದೂ ಇಲ್ಲ."

"ಹಾಗಾದ್ರೆ ಕಾಯೋಣ. ತೂಕ ಚೆನ್ನಾಗಿದೆ. ಕೆಲವು ಮಕ್ಕಳು ಹೀಗೇ."

ಅವಳು ಮಗುವನ್ನು ಅತ್ತೆಯ ತೊಡೆಯಿಂದ ಎತ್ತಿಕೊಂಡಳು. ಗೆದ್ದವರು ಬಹುಮಾನ ಎತ್ತಿಕೊಳ್ಳುವ ಹಾಗೆ.

ಅತ್ತೆ ಇಪ್ಪತ್ತೆಂಟು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಗಾಡಿ ಬರುತ್ತದೆ, ಯಾವುದು ತಡ ಎಂದು ಹೇಳಿದವರು. ನಿವೃತ್ತರಾದ ಮೇಲೂ ಗಂಟಲು ಆ ಕೆಲಸ ಬಿಟ್ಟಿರಲಿಲ್ಲ. ಅವಳು ಮಧ್ಯಾಹ್ನ ಒಂದು ಗಂಟೆಗೆ ಹಾಲು ಕೊಡಲು ಮನೆಗೆ ಬಂದರೆ ಬಾಗಿಲಲ್ಲೇ ಶುರು: "ಹತ್ತು ಇಪ್ಪತ್ತಕ್ಕೆ ಮಲಗಿದ್ದು, ಹತ್ತು ಮೂವತ್ತೆರಡಕ್ಕೆ ಎದ್ದಿದೆ. ಆಮೇಲೆ ಇಲ್ಲ. ಹನ್ನೊಂದೂವರೆಯ ನಿದ್ದೆ ರದ್ದಾಗಿದೆ." ಮಗು ಅವರ ಹೆಗಲ ಮೇಲಿಂದ ದೊಡ್ಡ ಕಣ್ಣು ಬಿಟ್ಟು ನೋಡುತ್ತಿತ್ತು. ಅಳುವುದಕ್ಕಿಂತ ಆ ನೋಟವೇ ಹೆಚ್ಚು ಕಂಗೆಡಿಸುವಂಥದ್ದು. ಕೈಕಾಲು ಒಂದೇ ಸಮನೆ ಆಡುತ್ತಿದ್ದವು. ಕಣ್ಣು ಮುಚ್ಚಿದರೂ ರೆಪ್ಪೆ ಅದುರುತ್ತಿತ್ತು. ಹಾಸಿಗೆಗೆ ಇಳಿಸಿದ ಮರುಕ್ಷಣ ಯಾರೋ ಚಿವುಟಿದಂತೆ ಬೆಚ್ಚಿ ಏಳುತ್ತಿತ್ತು. ಅವಳ ಗಂಡ ಮಗಳಿಗೆ ಗೂಬೆಮರಿ ಎಂದು ಹೆಸರಿಟ್ಟಿದ್ದ. "ಹಾಗೆಲ್ಲ ಅನ್ನಬೇಡ್ವೋ" ಎಂದು ಗದರುತ್ತಿದ್ದ ಅತ್ತೆಯೂ ಈಚೆಗೆ ಸುಸ್ತಾಗಿ ಅದೇ ಹೆಸರಿಗೆ ಬಂದಿದ್ದರು.

"ನೀನು ಕೆಲಸಕ್ಕೆ ಹೋಗೋಕೆ ಮುಂಚೆ ಚೆನ್ನಾಗಿ ಮಲಗ್ತಿತ್ತು," ಎಂದು ಅತ್ತೆ ದಿನಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು.

"ಆಗ ಅದಕ್ಕೆ ಅಮ್ಮ ಇದ್ದಳು. ಈಗ ಪ್ರಕಟಣೆ ಇದೆ," ಎಂದು ಅವಳು ಒಂದು ದಿನ ಹೇಳಿಬಿಟ್ಟಳು. ಅತ್ತೆ ಎರಡು ದಿನ ಮಾತಾಡಲಿಲ್ಲ. ಕಿವಿಗೆ ಹಿತವಾಗಿತ್ತು.

ಗಂಡನಿಗೆ ಕನ್ನಡಕದ ಅಂಗಡಿ. ಗಿರಾಕಿ ಇಲ್ಲದಾಗೆಲ್ಲ ಫೋನು ತೀಡುತ್ತ ಕೂತು, ಹೆಂಡತಿಗೆ ಏನಾಗಿದೆ, ಮಗುವಿಗೆ ಏನಾಗಬಹುದು ಎಂದು ಓದಿಕೊಂಡು ಬರುತ್ತಿದ್ದ. ಪರರ ಕಣ್ಣಿಗೆ ಕಾಲು ಪವರ್‌ನಷ್ಟೂ ತಪ್ಪದಂತೆ ಗಾಜು ಕೂರಿಸುವವನು ಮನೆಯಲ್ಲಿ ಎದುರಿಗಿದ್ದದ್ದನ್ನು ಎಂದೂ ಕಂಡವನಲ್ಲ. "ಕೆಫೀನ್ ಅಂದ್ರೆ ಒಂದು ಕಪ್ ಕೂಡ..." ಎಂದು ಶುರು ಮಾಡಿ, ಅವಳ ಮುಖ ನೋಡಿ, "ಸುಮ್ನೆ ಹೇಳಿದೆ" ಎಂದು ಮುಗಿಸುತ್ತಿದ್ದ. ಅವನ ಮಾತುಗಳಲ್ಲಿ ಮುಕ್ಕಾಲು ಪಾಲು ಹೀಗೆ ಸುಮ್ಮನೆ ಹೇಳಿದವೇ.

ಡಾಕ್ಟರ ಬಳಿ ಹೋಗಿಬಂದ ಮೂರನೇ ಬೆಳಗ್ಗೆ ಅವಳು ಅಡುಗೆಮನೆಯ ಹೊಸ್ತಿಲು ದಾಟುವ ಮೊದಲೇ ಮೂಗಿಗೆ ಸುದ್ದಿ ಮುಟ್ಟಿತು. ಒದ್ದೆ ರಟ್ಟಿನ ವಾಸನೆ. ಡಬ್ಬ ಅದೇ, ಪುಡಿಯ ಬಣ್ಣವೂ ಹೆಚ್ಚುಕಡಿಮೆ ಅದೇ. ಒಳಗಿದ್ದದ್ದು ಕೆಫೀನ್ ತೆಗೆದ ಕಾಫಿ. ಗಂಡ ತಂದಿದ್ದಾನೆ, ಅತ್ತೆ ತುಂಬಿದ್ದಾರೆ. ಇಬ್ಬರೂ ಏನೂ ಅರಿಯದವರಂತೆ ಮೇಜಿನ ಬಳಿ ನಿಂತು, ತಟ್ಟೆ ಜೋಡಿಸುವುದರಲ್ಲಿ ಮುಳುಗಿದ್ದರು.

ಹನ್ನೆರಡು ವರ್ಷ ಅವಳು ಬದುಕಿದ್ದು ನಾಲಿಗೆಯಿಂದ. ಒಂದು ಚಮಚ ಹೀರಿ, ಬೀಜ ಮಳೆಯಲ್ಲಿ ನೆನೆದಿದೆಯೇ, ಗೋಣಿಯಲ್ಲಿ ಹಳತಾಗಿದೆಯೇ, ಹುರಿಯುವಾಗ ಹತ್ತು ಕ್ಷಣ ಹೆಚ್ಚಾಯಿತೇ ಎಂದು ಹೇಳುವವಳು. ಅಂಥವಳಿಗೆ ಇವರು ಡಬ್ಬ ಬದಲಿಸಿ ಮೋಸ ಮಾಡಲು ಹೊರಟಿದ್ದರು. ಬೇಸರಕ್ಕಿಂತ ಹೆಚ್ಚಾಗಿ ಅವಳಿಗೆ ಮರುಕ ಹುಟ್ಟಿತು. ನಾಯಿಯ ಮೂಗಿನ ಎದುರು ಮಾಂಸದ ತುಂಡು ಬಚ್ಚಿಟ್ಟು ಗೋಡೆ ನೋಡುತ್ತ ನಿಂತ ಹಾಗಿದ್ದರು ತಾಯಿ, ಮಗ.

ಅವಳು ಲೋಟ ಖಾಲಿ ಮಾಡಿ, "ಚೆನ್ನಾಗಿದೆ" ಎಂದಳು. ಅವರಿಬ್ಬರ ಕಣ್ಣು ಒಂದಕ್ಕೊಂದು ಸೇರಿದ್ದು ಅವಳಿಗೆ ಲೋಟದ ಅಂಚಿನ ಮೇಲಿಂದ ಕಂಡಿತು.

ಹತ್ತು ದಿನ ಹಾಗೇ ಕುಡಿದಳು. ಮಗು ಮಲಗಲಿಲ್ಲ. ಹನ್ನೊಂದನೆಯ ದಿನ, ಒಂದು ಶುಕ್ರವಾರ, ಲೋಟ ಕೆಳಗಿಟ್ಟು ಕೇಳಿದಳು: "ಈ ಸತ್ತ ಕಾಫಿ ಇನ್ನೆಷ್ಟು ದಿನಕ್ಕಾಗುತ್ತೆ?"

ಗಂಡ ಫೋನು ತಿರುಗಿಸಿ ಮೇಜಿನ ಮೇಲಿಟ್ಟ. ಅತ್ತೆ, "ಯಾವ..." ಎಂದು ಬಾಯಿ ತೆರೆದರು.

"ಮೊದಲ ದಿನವೇ ಗೊತ್ತಾಯ್ತು. ನಿಮ್ಮ ಪ್ರಯೋಗ ಕೆಡಬಾರದು ಅಂತ ಸುಮ್ಮನಿದ್ದೆ. ಹತ್ತು ದಿನ ಆಯ್ತಲ್ಲ. ಮಗು ಮಲಗ್ತಾ?"

ಉತ್ತರ ಒಳಗಿನ ಕೋಣೆಯಿಂದ ಬಂತು. ಹನ್ನೆರಡು ನಿಮಿಷದ ನಿದ್ದೆ ಮುಗಿಸಿ ಮಗು ಅಳುತ್ತ ಎದ್ದಿತ್ತು. ಅವಳು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು. ಇಷ್ಟು ಪೂರ್ತಿಯಾಗಿ ಗೆದ್ದದ್ದು ಆ ಮನೆಯಲ್ಲಿ ಇದೇ ಮೊದಲು. ದಾರಿಯುದ್ದಕ್ಕೂ ಹೆಜ್ಜೆ ಹಗುರಾಗಿತ್ತು.

ರುಚಿ ನೋಡುವ ಕೋಣೆಗೆ ಉತ್ತರದ ಕಿಟಕಿ, ಬಿಳಿ ಗೋಡೆ, ಉದ್ದನೆಯ ಕಲ್ಲಿನ ಮೇಜು. ಅಲ್ಲಿಗೆ ಸೆಂಟು ಹಾಕಿಕೊಂಡು ಬರುವ ಹಾಗಿಲ್ಲ. ಊಟದ ಡಬ್ಬ ತೆರೆಯುವ ಹಾಗಿಲ್ಲ. ರುಚಿಗಾರರು ಮೂವರು, ಒಬ್ಬೊಬ್ಬರಿಗೆ ಮೇಜಿನ ಮೇಲೆ ಒಂದೊಂದು ಸಾಲು ಬಟ್ಟಲು, ಕಾಲ ಬಳಿ ಉಗಿಯಲು ಒಂದೊಂದು ತಗಡಿನ ಪೀಕದಾನಿ. ಒಂದು ಸಾಲನ್ನು ಬಿಸಿ ಇರುವಾಗ, ಬೆಚ್ಚಗಾದಾಗ, ಆರಿದಾಗ, ಹೀಗೆ ಮೂರು ಸಲ ಹೀರಬೇಕು. ದಿನಕ್ಕೆ ಅಂಥ ಮೂರು ಸಾಲು. ಎಲ್ಲರಿಗಿಂತ ಹಿರಿಯರಾದವರನ್ನು ಆ ಕಂಪನಿಯಲ್ಲಿ 'ಮೂಗು' ಎನ್ನುತ್ತಿದ್ದರು. ಎದುರಿಗೇ ಕರೆದರೂ ಅವರು ಓಗೊಡುತ್ತಿದ್ದರು. ಇನ್ನೊಬ್ಬ ಅವಳಿಗಿಂತ ಮೂರು ವರ್ಷ ಕಿರಿಯ, ಗಳಗಳ ಸದ್ದು ಮಾಡಿ ಹೀರುವವನು, ಮಾಲೀಕರ ಕಾರಿನ ಬಾಗಿಲು ತೆರೆಯಲು ಮೆಟ್ಟಿಲಿಳಿದು ಓಡುವವನು. ಅವನನ್ನು ಅವಳು 'ಚಮಚ' ಎಂದು ಕರೆಯುತ್ತಿದ್ದಳು, ಮನಸ್ಸಿನಲ್ಲೂ, ಆಗಾಗ ಬಾಯಲ್ಲೂ.

ಮೂಗು ಈ ತಿಂಗಳ ಕೊನೆಗೆ ನಿವೃತ್ತಿಯಾಗುವವರಿದ್ದರು. ಅವರ ಕುರ್ಚಿ ಯಾರಿಗೆ ಎಂದು ಮುಂದಿನ ಶನಿವಾರ ತೀರ್ಮಾನ: ಹೊರಗಿನ ಮೂವರು ಖರೀದಿದಾರರ ಎದುರು, ಹೆಸರಿಲ್ಲದ ಬರೀ ಸಂಖ್ಯೆಯ ಬಟ್ಟಲುಗಳಿಟ್ಟು, ಅವಳನ್ನೂ ಚಮಚನನ್ನೂ ಪರೀಕ್ಷಿಸುವುದು. ಅವಳು ಆರು ವಾರದ ಹಸುಗೂಸನ್ನು ಬಿಟ್ಟು ಕೆಲಸಕ್ಕೆ ಮರಳಿದ್ದೇ ಆ ಕುರ್ಚಿಗಾಗಿ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅರ್ಥವಾಗುವವರು ಯಾರಿದ್ದರು?

ಆ ಕೋಣೆಗೊಂದು ಮಾತಿತ್ತು. ಮೂಗು ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದರು. "ನುಂಗೋರು ಗಿರಾಕಿಗಳು. ನಾವು ಗಿರಾಕಿಗಳಲ್ಲ." ಚಮಚದಲ್ಲಿ ಬಾಯಿಗೆ ಬಂದದ್ದು ಕಾಫಿಯಲ್ಲ, ಕೆಲಸ. ಅದಕ್ಕೇ ಡಾಕ್ಟರು ಎಷ್ಟು ಕಪ್ ಎಂದು ಕೇಳಿದಾಗ ಅವಳಿಗೆ ಒಂದು ಕ್ಷಣವೂ ಈ ಮೇಜು ನೆನಪಾಗಿರಲಿಲ್ಲ. ದರ್ಜಿಯನ್ನು ನಿನ್ನ ಬಳಿ ಎಷ್ಟು ಅಂಗಿ ಇವೆ ಎಂದು ಕೇಳಿದರೆ ಅವನು ಹೊಲಿದದ್ದನ್ನೆಲ್ಲ ಲೆಕ್ಕ ಹಿಡಿಯುತ್ತಾನೆಯೇ?

ಆ ಶುಕ್ರವಾರ ಸಂಜೆ ನಾಲ್ಕಕ್ಕೆ ಕೊನೆಯ ಸಾಲು ಮುಗಿದು ಗಂಡಸರಿಬ್ಬರೂ ಕೆಳಗಿಳಿದಿದ್ದರು. ತೊಳೆಯುವ ಹೆಂಗಸು ರಬ್ಬರ್ ಕೈಗವಸು ಹಾಕಿಕೊಂಡು ಬಂದು ಪೀಕದಾನಿಗಳನ್ನು ಒಂದೊಂದಾಗಿ ಬಾಗಿಲ ಬಳಿ ಒಯ್ದಿಟ್ಟಳು. ಇವಳದನ್ನು ಎತ್ತಿದವಳು ನಿಂತಲ್ಲೇ ನಿಂತಳು.

"ಅಕ್ಕ, ನಿಮ್ಮದು ಈಚೆಗೆ ಹಗುರ ಬರುತ್ತೆ."

"ಏನು?"

"ಇದು." ಒಂದೇ ಕೈಯಲ್ಲಿ ಮೇಲೆತ್ತಿ ತೋರಿಸಿದಳು. "ಮೊದಲೆಲ್ಲ ಎರಡು ಕೈ ಬೇಕಾಗ್ತಿತ್ತು. ದೊಡ್ಡವರದು ಈಗ್ಲೂ ಹಾಗೇ. ಇನ್ನೊಬ್ಬರದಂತೂ ಬಿಡಿ, ನೆಲಕ್ಕೂ ಒಂದಿಷ್ಟು ಪ್ರಸಾದ. ನಿಮ್ಮದು ಹೆರಿಗೆ ಮುಗಿಸಿ ಬಂದಾಗಿಂದ ಅರ್ಧಕ್ಕರ್ಧ."

"ಚಮಚ ಪೂರ್ತಿ ತುಂಬಲ್ಲ ನಾನು. ಕಡಿಮೆ ತಗೋತೀನಿ," ಎಂದಳು ಅವಳು, ತಲೆಯೆತ್ತದೆ. ಇವಳಿಗೆಲ್ಲ ವಿವರಣೆ ಕೊಡಬೇಕಾಗಿ ಬಂದದ್ದೇ ಅಸಹ್ಯವೆನಿಸಿತು.

"ಇರಬಹುದು. ಹಾಗಿದ್ರೆ ಬಟ್ಟಲಲ್ಲಿ ಹೆಚ್ಚು ಮಿಕ್ಕಿರಬೇಕಿತ್ತಲ್ಲ. ನಿಮ್ಮ ಸಾಲಿನ ಬಟ್ಟಲೂ ನಾನೇ ತೊಳೆಯೋದು."

ಅವಳು ತಲೆಯೆತ್ತಿದಳು.

"ತಪ್ಪು ತಿಳ್ಕೋಬೇಡಿ. ನನಗೇನು, ಹೊರೋದು ಕಡಿಮೆ ಆಯ್ತು. ಇಷ್ಟು ಒಳ್ಳೆ ಕಾಫೀನ ಚರಂಡಿಗೆ ಉಗಿಯೋ ಜನಾನ ನಾನು ಬೇರೆಲ್ಲೂ ಕಂಡಿಲ್ಲ. ಯಾರೋ ಒಬ್ಬರಾದ್ರೂ ಕುಡೀತಾರಲ್ಲ ಅಂತ ಖುಷಿಯಾಗಿತ್ತು." ಹೆಂಗಸು ನಗುತ್ತ ಪೀಕದಾನಿಯನ್ನು ಎಡಗೈಯಲ್ಲೇ ತೂಗಿಕೊಂಡು ಹೊರಟುಹೋದಳು.

ಇವಳು ಬಾಗಿಲು ಮುಚ್ಚಿ, ಅಲ್ಲಿ ಉಳಿದಿದ್ದ ಒಂದು ಪೀಕದಾನಿಯನ್ನು ಮೇಜಿನ ಬಳಿ ಎಳೆದುಕೊಂಡಳು. ಸಾಲಿನ ಕೊನೆಯಲ್ಲಿ ಇನ್ನೂ ತೊಳೆಯದ ಹತ್ತು ಬಟ್ಟಲು ಉಳಿದಿದ್ದವು, ತಳದಲ್ಲಿ ತಣ್ಣಗಾದ ಕಾಫಿ. ಎಂದಿನಂತೆ ಹೀರತೊಡಗಿದಳು, ಎಡಗೈಯ ಎರಡು ಬೆರಳು ಗಂಟಲ ಮೇಲಿಟ್ಟುಕೊಂಡು. ಮೊದಲನೆಯದು ಉಗಿದಳು. ಎರಡನೆಯದು ಉಗಿದಳು. ನಾಲ್ಕನೆಯದಕ್ಕೆ ಬೆರಳ ಕೆಳಗೆ ಗಂಟಲು ಮೇಲೆದ್ದು ಕೆಳಗಿಳಿಯಿತು. ಆಮೇಲೆ ಅವಳು ಬಾಗಿ ಉಗಿದದ್ದು ಬರೀ ಎಂಜಲು. ಆರನೆಯದಕ್ಕೂ ಹಾಗೇ, ಏಳನೆಯದಕ್ಕೂ. ಏಳನೆಯದು ಹುಳಿತು ಹಾಳಾದ ಬೀಜ, ಗಿರಾಕಿ ಕೂಡ ಥೂ ಎನ್ನುವಂಥದ್ದು. ಅದನ್ನೂ ನುಂಗಿದ್ದಳು. ನಿದ್ದೆಯಿಲ್ಲದ ಮೈ ಅವಳನ್ನು ಕೇಳದೆ, ಕಳ್ಳನ ಹಾಗೆ, ತನಗೆ ಬೇಕಾದದ್ದನ್ನು ತೆಗೆದುಕೊಳ್ಳುತ್ತಿತ್ತು. ಮಗು ಏಳುತ್ತದೆಂದು ಇವಳಿಗೆ ನಿದ್ದೆಯಿಲ್ಲ. ನಿದ್ದೆಯಿಲ್ಲವೆಂದು ಇವಳು ನುಂಗುತ್ತಾಳೆ. ನುಂಗಿದ್ದನ್ನು ಒಂದು ಗಂಟೆಗೆ ಮನೆಗೆ ಹೋಗಿ ಅದರ ಬಾಯಿಗೇ ಹಿಂಡಿ ಬರುತ್ತಾಳೆ. ದಿನಕ್ಕೆ ಐದು ಕಪ್ಪೋ, ಆರೋ. ಮನೆಯಲ್ಲಿ ಸತ್ತ ಕಾಫಿ ಕುಡಿದು ಸವಾಲು ಹಾಕಿ ಗೆದ್ದು ಬಂದಿದ್ದೆನೆಂದು ನೆನೆದು ಅವಳಿಗೆ ಕಿವಿಯವರೆಗೂ ಬಿಸಿಯೇರಿತು.

ಸೋಮವಾರದಿಂದ ಅವಳು ಗಂಟಲಿಗೆ ಕಾವಲು ಕೂತಳು. ಹೀರಿದ ಕೂಡಲೇ ಬಾಗಿ, ರುಚಿ ಪೂರ್ತಿ ತಿಳಿಯುವ ಮೊದಲೇ ಉಗಿದಳು. ಮಂಗಳವಾರಕ್ಕೆ ತಲೆ ಸಿಡಿಯತೊಡಗಿತು. ಬುಧವಾರ ಎರಡನೇ ಸಾಲಿನಲ್ಲಿ ನಿಂತಲ್ಲೇ ರೆಪ್ಪೆ ಮುಚ್ಚಿಕೊಂಡವು. ಕೈಯ ಚಮಚ ಬಟ್ಟಲಿಗೆ ತಗುಲಿ ಠಣ್ಣೆಂದಿತು.

"ಹದಿನಾಲ್ಕನೇ ಬಟ್ಟಲು?" ಎಂದು ಮೂಗು ಕೇಳಿದರು.

"ಶುದ್ಧ. ತುಸು ಸಪ್ಪೆ."

"ಬೂಷ್ಟು," ಎಂದ ಚಮಚ, ಅವಳ ಮಾತು ಮುಗಿಯುವ ಮೊದಲೇ. "ಗೋಣಿ ಒದ್ದೆಯಾಗಿದೆ ಸಾರ್. ಯಾರಿಗಾದ್ರೂ ಗೊತ್ತಾಗುತ್ತೆ."

ಅವಳು ಮತ್ತೆ ಹೀರಿದಳು. ಬೂಷ್ಟೇ. ಹನ್ನೆರಡು ವರ್ಷದಲ್ಲಿ ಅವಳ ನಾಲಿಗೆ ತಪ್ಪಿದ್ದು ಮೂರು ಸಲವೋ ನಾಲ್ಕು ಸಲವೋ. ಅದೂ ಇಂಥವನ ಎದುರು ಎಂದೂ ಇಲ್ಲ. ಮೂಗು ಮುಂದಿನ ಬಟ್ಟಲಿಗೆ ಸರಿದರು. ಅವಳಿಗೆ ಲೆಕ್ಕ ಬಹಳ ಸರಳವಾಗಿ ಕಂಡಿತು. ನುಂಗಿದರೆ ಶನಿವಾರ ಇವನು ಅವಳ ಕಾಲಧೂಳಿಗೂ ಸಮವಲ್ಲ. ಇನ್ನು ಮೂರೇ ದಿನ. ಮೂರು ದಿನ ನುಂಗಿ, ಆಮೇಲೆ ಬಿಟ್ಟರಾಯಿತು. ಮೂರನೇ ಸಾಲಿನಲ್ಲಿ ಗಂಟಲಿನ ಕಾವಲು ತೆಗೆದುಬಿಡಬೇಕೆಂದು ಚಮಚ ತುಂಬಿ ಎತ್ತಿದಳು. ಬಾಯಿ ತುಂಬಿತು. ಆಡಿಸಿದಳು. ನಿಂತಳು. ಮತ್ತೆ ಉಗಿದಳು. ಯಾಕೆಂದು ಅವಳನ್ನು ಕೇಳಿದ್ದರೆ ಮಗುವಿಗಾಗಿ ಎಂದು ಹೇಳುತ್ತಿರಲಿಲ್ಲ. ಗಿರಾಕಿಯಂತೆ ನುಂಗಿ ಗೆಲ್ಲುವುದಕ್ಕೆ ಹೇಸಿಗೆಯಾಯಿತು, ಅಷ್ಟೇ.

ಗುರುವಾರ ಮಧ್ಯಾಹ್ನ ಬಾಗಿಲು ತೆರೆದ ಅತ್ತೆ ಪ್ರಕಟಣೆ ಮಾಡಲಿಲ್ಲ. ತುಟಿಗೆ ಬೆರಳಿಟ್ಟು, ಒಳಗೆ ಕರೆದೊಯ್ದು ತೋರಿಸಿದರು. ಮಗು ಮಲಗಿತ್ತು. ಮುಷ್ಟಿ ಬಿಚ್ಚಿಕೊಂಡಿತ್ತು. "ಹನ್ನೊಂದು ಇಪ್ಪತ್ತರಿಂದ," ಎಂದು ಪಿಸುಗುಟ್ಟಿದರು. ಆ ಗಂಟಲಿಗೆ ಪಿಸುಮಾತೂ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅಡುಗೆಮನೆಗೆ ಬಂದ ಮೇಲೆ ಧ್ವನಿ ಮರಳಿತು. "ಸತ್ತ ಕಾಫಿ ಅಂದೆಯಲ್ಲ, ನೋಡಿದ್ಯಾ? ಸ್ವಲ್ಪ ನಿಧಾನ ಆಯ್ತು, ಆದ್ರೂ ಕೆಲಸ ಮಾಡ್ತು. ಹನ್ನೆರಡು ವರ್ಷ ಕಾಫಿ ಮೂಸಿದವಳಿಗಿಂತ ಮೂರು ಹೆತ್ತವಳಿಗೆ ಹೆಚ್ಚು ತಿಳಿಯುತ್ತೆ ಕಣಮ್ಮ."

ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಅವಳು ಹೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವಳಿಗಿನ್ನೂ ಬಂದಿರಲಿಲ್ಲ.

ಶುಕ್ರವಾರ ಬೆಳಗ್ಗೆ ಮೇಜು ಹಾಕುವ ಮೊದಲು ಅವಳು ಮೂಗಿನ ಎದುರು ನಿಂತಳು. "ನಾಳೆ ನಾನಿರಲ್ಲ. ಮಗುವಿಗೆ ಆರು ತಿಂಗಳಾಗೋವರೆಗೆ ನನ್ನನ್ನ ಮೇಜಿಂದ ತೆಗೆದು ಬೀಜದ ಮಾದರಿ ಇಡೋ ಉಗ್ರಾಣಕ್ಕೆ ಹಾಕಿ."

ಅವರು ಕನ್ನಡಕ ತೆಗೆದರು. "ಕುರ್ಚಿ ಅವನ ಪಾಲಾಗುತ್ತೆ. ಗೊತ್ತಲ್ಲ?"

"ಗೊತ್ತು."

"ಯಾಕಮ್ಮ?"

"ನುಂಗ್ತಾ ಇದ್ದೆ."

ಇಪ್ಪತ್ತು ಗೋಣಿ ತಿರಸ್ಕರಿಸುವಾಗ ನೋಡುವ ನೋಟವನ್ನು ಅವರು ಅವಳ ಮೇಲೆ ಇಟ್ಟರು. "ಎಷ್ಟು ದಿನದಿಂದ?"

"ನನಗೆ ಗೊತ್ತಿಲ್ಲ. ತೊಳೆಯೋಳನ್ನ ಕೇಳಬೇಕು."

ಅವರು ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿದರು. "ಮಗು ಅಂತ ಹೇಳಿದ್ರೆ ಸಾಕಿತ್ತು," ಎಂದರು. "ಇದನ್ನ ಹೇಳಬಾರದಿತ್ತು."

ಶನಿವಾರ ಅವಳು ಉಗ್ರಾಣದಲ್ಲಿ ಮಾದರಿ ಚೀಲಗಳಿಗೆ ಚೀಟಿ ಅಂಟಿಸಿದಳು. ಮೇಲಿನ ಮಹಡಿಯಿಂದ ಹೀರುವ ಸದ್ದು ಕೇಳುತ್ತಿತ್ತು. ನಾಲ್ಕಾರು ಬಾಯಿಗಳ ನಡುವೆಯೂ ಆ ಗಳಗಳ ಬೇರೆಯಾಗಿ ಗುರುತು ಸಿಗುತ್ತಿತ್ತು. ಒಂದು ಗಂಟೆಗೆ ಚೀಟಿಗಳನ್ನು ಹಾಗೇ ಬಿಟ್ಟು ಮನೆಗೆ ನಡೆದಳು.

ಬಾಗಿಲಿಗೆ ಒಳಗಿನಿಂದ ಚಿಲಕ. ಬೆರಳ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿದಳು. ಸದ್ದಿಲ್ಲ. ಪಕ್ಕದ ಕಿಟಕಿಯ ಪರದೆ ಒಂದು ಬೆರಳಷ್ಟು ಸರಿದಿತ್ತು. ಅತ್ತೆ ಮಂಚದ ಅಂಚಿನಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದರು, ಒಂದು ಕಾಲು ಕೆಳಗೆ ಇಳಿಬಿದ್ದಿತ್ತು. ಅವರ ತೋಳಿನ ಒಳಗೆ ಮಗು, ಅದರದೂ ಬಾಯಿ ತೆರೆದೇ ಇತ್ತು. ಹಾಲಿನ ಹೊತ್ತು ದಾಟಿ ಕಾಲು ಗಂಟೆಯಾಗಿತ್ತು.

ಕರೆಗಂಟೆಯ ಗುಂಡಿಯವರೆಗೆ ಹೋದ ಕೈಯನ್ನು ಅವಳು ಹಿಂದಕ್ಕೆ ತಂದಳು. ಮೆಟ್ಟಿಲ ಮೇಲೆ, ಗೋಡೆಗೊರಗಿ ಕೂತಳು. ಎದೆ ಕಲ್ಲಿನಂತೆ ಬಿಗಿದು, ಸ್ವಲ್ಪ ಹೊತ್ತಿಗೆ ಹಾಲು ತಾನಾಗಿಯೇ ಸುರಿಯತೊಡಗಿತು. ಕುಪ್ಪಸದ ಮೇಲೆ ಎರಡು ಒದ್ದೆ ವೃತ್ತಗಳು ನಿಧಾನವಾಗಿ ದೊಡ್ಡದಾದವು. ಅವಳು ಚೀಲವನ್ನು ಎದೆಗವಚಿಕೊಂಡಳು.

ಮೇಲಿನ ಮನೆಯಾಕೆ ಬಕೆಟ್ ಹಿಡಿದು ಇಳಿದು ಬಂದವಳು ಅವಳನ್ನು ಕಂಡು ನಿಂತಳು. "ಯಾಕೆ ಇಲ್ಲಿ ಕೂತಿದೀರಾ? ಒಳಗೆ ಯಾರೂ ಇಲ್ವಾ?"

"ಇದಾರೆ," ಎಂದಳು, ಧ್ವನಿ ತಗ್ಗಿಸಿ. "ಮಲಗಿದಾರೆ."

ಆಕೆ ಬಕೆಟ್ಟಿನ ಹಿಡಿ ಸದ್ದಾಗದಂತೆ ಹಿಡಿದುಕೊಂಡು, ಮೆಟ್ಟಿಲ ಅಂಚಿನಲ್ಲಿ ಕಾಲಿಟ್ಟು ಇಳಿದುಹೋದಳು.